ಬ್ರೇಕ್ ಪ್ಯಾಡ್: ಕಿಲೋಮೀಟರ್ ಬಿಡಿ, ದಪ್ಪ ನೋಡಿ

ಕಾರಿನ ಬ್ರೇಕ್ ಪ್ಯಾಡ್ ಯಾವಾಗ ಬದಲಾಯಿಸಬೇಕು ಅಂತ ಶ್ರೀರಂಗಪಟ್ಟಣದಲ್ಲಿ ಕೇಳಿ, ಪಾಂಡವಪುರದಲ್ಲಿ ಕೇಳಿ, ಕೆ.ಆರ್. ಪೇಟೆಯಲ್ಲೋ ನಾಗಮಂಗಲದಲ್ಲೋ ಕೇಳಿ, ಉತ್ತರಕ್ಕಿಂತ ಮೊದಲು ಬರೋದು ಒಂದು ಪ್ರಶ್ನೆ: "ಎಷ್ಟ್ ಕಿಲೋಮೀಟರ್ ಓಡೈತಣ್ಣ ಗಾಡಿ?" ಇಪ್ಪತ್ತು ಸಾವಿರ ಅಂದ್ರೆ "ಇನ್ನೂ ಓಡ್ತದೆ ಬುಡಿ". ಐವತ್ತು ಸಾವಿರ ಅಂದ್ರೆ "ಹಾಕ್ಸ್‌ಬುಡಿ". ಎರಡೂ ಮಾತು ಚಕ್ರ ಬಿಚ್ಚದೆಯೇ ಬಂದಿರುತ್ತವೆ. ನಮ್ಮ ಸಂಘದಲ್ಲಿ ಈ ನಾಲ್ಕು ತಾಲ್ಲೂಕಿನವರು ಬೇಕಾದಷ್ಟು ಜನ ಇದ್ದೀವಿ. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನ ಕಾರಿನ ಬೀಗದ ಕೈ ನಮ್ಮ ಕೈಗೆ ಬರುತ್ತೆ, ಜೊತೆಗೆ ಮನೆಯವರೆಲ್ಲ ಹತ್ತಿ ಕೂತ್ಕೋತಾರೆ. ಹಾಗಾಗಿ ಈ ಪಾಠ. ಮೆಕ್ಯಾನಿಕಲ್‌ನವರಿಗೆ ಅರ್ಧ ಗೊತ್ತಿರುತ್ತೆ, ಉಳಿದ ಬ್ರಾಂಚಿನವರಿಗೂ ಅರ್ಥವಾಗೋ ಹಾಗೆ ಬರೀತಿದ್ದೀವಿ.

ಮೊದಲು ಕಿಲೋಮೀಟರ್ ಲೆಕ್ಕ ಯಾಕೆ ನಂಬಬಾರದು ಅಂತ ನೋಡೋಣ. ಬ್ರೇಕ್ ಅಂದ್ರೆ ಚಲನಶಕ್ತಿಯನ್ನು ಶಾಖವಾಗಿ ಮಾಡುವ ಯಂತ್ರ, ಅಷ್ಟೇ. ಪ್ಯಾಡ್ ಸವೆಯೋದು ಎಷ್ಟು ದೂರ ಓಡಿದ್ದೀವಿ ಅನ್ನೋದರಿಂದ ಅಲ್ಲ, ಎಷ್ಟು ಶಕ್ತಿಯನ್ನು ಅದರ ಮೇಲೆ ಸುರಿದಿದ್ದೀವಿ ಅನ್ನೋದರಿಂದ. 1000 ಕೆ.ಜಿ. ತೂಕದ ಚಿಕ್ಕ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದೆ ಅಂದ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 27.8 ಮೀಟರ್. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 386 ಕಿಲೋಜೂಲ್. ಪೂರ್ತಿ ನಿಲ್ಲಿಸಬೇಕಾದರೆ ಇಷ್ಟೂ ಶಾಖವಾಗಬೇಕು. ಈಗ ಹಳ್ಳಿ ರಸ್ತೆಗೆ ಬನ್ನಿ. 60ರಲ್ಲಿ ಬಂದು ಹಂಪ್ ಮುಂದೆ 10ಕ್ಕೆ ಇಳಿಸಿದರೆ 135 ಕಿಲೋಜೂಲ್. ಅಂದ್ರೆ ಮೂರು ಹಂಪ್ ದಾಟಿದರೆ ಹೈವೇಯಲ್ಲಿ 100ರಿಂದ ಸೊನ್ನೆಗೆ ಒಮ್ಮೆ ನಿಲ್ಲಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಆಯ್ತು.

ಬೆಂಗಳೂರು–ಮೈಸೂರು ಹೈವೇಯಲ್ಲಿ ಕಾರಿಗೆ ಮಿತಿ 100. 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡ್ತಿಲ್ಲ. ಬೈಪಾಸ್ ಹಿಡಿದು ನೆಟ್ಟಗೆ ಹೋದರೆ ಬ್ರೇಕ್ ಮೇಲೆ ಕಾಲಿಡೋದು ಗಣಂಗೂರು ಟೋಲ್ ಹತ್ತಿರವೇ ಇರಬಹುದು. ಅದೇ ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೋ ನಾಗಮಂಗಲದ ಕಡೆಗೋ ಹೊರಟರೆ ಊರಿಗೊಂದಲ್ಲ, ಊರಿಗೆ ಮೂರು ಹಂಪು. ಶಾಲೆ ಮುಂದೆ ಒಂದು, ದೇವಸ್ಥಾನದ ಮುಂದೆ ಒಂದು, ಯಾರದೋ ಮನೆ ಮುಂದೆ ಯಾರೋ ಹಾಕಿಸಿದ್ದು ಇನ್ನೊಂದು. ಮುಂದಿನ ಸಲ ಹೋದಾಗ ಎಣಿಸಿ ನೋಡಿ. ಒಂದು ದಾರಿಯಲ್ಲಿ 30 ಸಿಕ್ಕರೆ ಹತ್ತು ಸಲ 100ರಿಂದ ನಿಲ್ಲಿಸಿದ ಹಾಗಾಯ್ತು. ಎರಡೂ ಕಾರು ಓಡೋಮೀಟರಿನಲ್ಲಿ ಒಂದೇ ಕಿಲೋಮೀಟರ್ ತೋರಿಸುತ್ತವೆ, ಒಂದರ ಪ್ಯಾಡ್ ಅರ್ಧ ಉಳಿದಿರುತ್ತೆ, ಇನ್ನೊಂದರದ್ದು ತಗಡು ತಗಡಿಗೆ ಬಂದಿರುತ್ತೆ.

ಇದರ ಮೇಲೆ ನಮ್ಮ ಕಡೆಯ ವಿಶೇಷಗಳು ಬೇರೆ. ನಾಟಿ ಕಾಲದಲ್ಲಿ ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರ್ ರಸ್ತೆ ತುಂಬ ಕೆಸರು ಬಿಟ್ಟು ಹೋಗುತ್ತೆ. ಆ ಕೆಸರು ಚಕ್ರದ ಒಳಗೆ ಎರಚಿ, ಒಣಗಿ, ಮರಳಾಗಿ ಪ್ಯಾಡಿಗೂ ಡಿಸ್ಕಿಗೂ ನಡುವೆ ಎಮರಿ ಪೇಪರಿನ ಕೆಲಸ ಮಾಡುತ್ತೆ. ಕಬ್ಬು ಕಡಿಯೋ ಕಾಲದಲ್ಲಿ ಹಿಂದೆ ಲೈಟೇ ಇಲ್ಲದ ಟ್ರೈಲರ್ ಕತ್ತಲಲ್ಲಿ ದಿಢೀರ್ ಅಂತ ಎದುರಾಗುತ್ತೆ. ನಾಗಮಂಗಲ, ಕೆ.ಆರ್. ಪೇಟೆ ಕಡೆ ರಾಗಿ, ಹುರುಳಿ ಒಕ್ಕಣೆ ಡಾಂಬರಿನ ಮೇಲೆಯೇ ನಡೆಯುತ್ತೆ. ಆ ಹುಲ್ಲಿನ ಮೇಲೆ ಬ್ರೇಕ್ ಹಾಕಿದರೆ ಪ್ಯಾಡ್ ಎಷ್ಟೇ ಹೊಸದಿದ್ದರೂ ಟೈರು ಜಾರುತ್ತೆ, ಅದು ಬೇರೆ ವಿಷಯ, ಆದರೆ ಹುಲ್ಲು ಸುತ್ತಿಕೊಂಡು ಕ್ಯಾಲಿಪರ್ ಹತ್ತಿರ ಸೇರಿಕೊಂಡಿರುವುದನ್ನು ಚಕ್ರ ಬಿಚ್ಚಿದಾಗ ನೋಡಿದ್ದೀವಿ. ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಕಿರಿದಾದ ರಸ್ತೆಗಳಲ್ಲಂತೂ ಐದು ಮೀಟರ್ ಹೆಚ್ಚು ಹೋಗಿ ನಿಂತರಾಯ್ತು ಅನ್ನೋಕೆ ಆ ಐದು ಮೀಟರೇ ಇರಲ್ಲ.

ಇನ್ನು ಮೇಲುಕೋಟೆ. ವೈರಮುಡಿಗೆ, ಭಾನುವಾರಕ್ಕೆ, ಮದುವೆ ಮುಗಿಸಿಕೊಂಡು, ಒಟ್ಟಿನಲ್ಲಿ ಎಲ್ಲರೂ ಹೋಗ್ತಾರೆ. ಬೆಟ್ಟ ಇಳಿಯುವಾಗ ಪ್ರತಿ 100 ಮೀಟರ್ ಎತ್ತರಕ್ಕೆ ಅದೇ 1000 ಕೆ.ಜಿ. ಕಾರು 980 ಕಿಲೋಜೂಲ್ ಕಳೆದುಕೊಳ್ಳಬೇಕು. ಇದು 100ರಿಂದ ಎರಡೂವರೆ ಸಲ ನಿಲ್ಲಿಸಿದಷ್ಟು. ಐದು ಜನ ಕೂತರೆ ಇನ್ನೂ ಹೆಚ್ಚು. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸ್ತೀವಿ ಅಂತ ಇಳಿಯೋರು ಇದನ್ನೆಲ್ಲ ಪ್ಯಾಡ್ ಮೇಲೆ ಹಾಕ್ತಾರೆ. ಎರಡನೇ ಗೇರಿನಲ್ಲಿ ಇಳಿದರೆ ಇದರಲ್ಲಿ ಒಳ್ಳೇ ಪಾಲನ್ನು ಎಂಜಿನ್ನೇ ನುಂಗಿಕೊಳ್ಳುತ್ತೆ.

ಮುಂದಿನ ಚಕ್ರದ ಪ್ಯಾಡೇ ಯಾಕೆ ಬೇಗ ಸವೆಯುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಜೋರಾಗಿ ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಬರುತ್ತೆ. ಗುರುತ್ವದ 0.7ರಷ್ಟು ಮಂದನ, ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ ಗುರುತ್ವ ಕೇಂದ್ರ, ಚಕ್ರಗಳ ನಡುವೆ 2.4 ಮೀಟರ್ ಅಂತ ಹಿಡಿದರೆ ಸುಮಾರು 145 ಕೆ.ಜಿ.ಯಷ್ಟು ಭಾರ ಹಿಂದಿನಿಂದ ಮುಂದಕ್ಕೆ ಹೋಗುತ್ತೆ. ನಿಂತಾಗ ಮುಂದೆ 600 ಇದ್ದದ್ದು ಈಗ 745. ಹಾಗಾಗಿ ನಿಲ್ಲಿಸುವ ಕೆಲಸದ ಮುಕ್ಕಾಲು ಪಾಲು ಮುಂದಿನ ಎರಡು ಚಕ್ರದ್ದು. ನಮ್ಮ ಮನೆಗಳಲ್ಲಿರುವ ಬಹುಪಾಲು ಚಿಕ್ಕ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಪ್ಯಾಡ್ ಇರೋದು ಮುಂದೆ. ಹಿಂದಿನ ಡ್ರಮ್ಮಿನೊಳಗಿರೋದು ಬ್ರೇಕ್ ಶೂ, ಗ್ಯಾರೇಜಿನ ಭಾಷೆಯಲ್ಲಿ ಲೈನರ್. ಅದು ಬೇರೆ ಪಾಠ.

ಕಾಲಿಗೆ ಯಾಕೆ ಗೊತ್ತಾಗಲ್ಲ

"ಬ್ರೇಕ್ ಚೆನ್ನಾಗೇ ಹಿಡೀತೈತಲ್ಲ, ಯಾಕ್ ಬಿಚ್ಚೋದು?" ಅಂತ ಮನೆಯಲ್ಲಿ ಕೇಳೇ ಕೇಳ್ತಾರೆ. ಇದಕ್ಕೆ ಉತ್ತರ ಗೊತ್ತಿರಬೇಕು, ಯಾಕೆಂದರೆ ಡಿಸ್ಕ್ ಬ್ರೇಕಿನ ಚಂದವೂ ಅಪಾಯವೂ ಇಲ್ಲೇ ಇದೆ.

ಕ್ಯಾಲಿಪರ್ ಒಳಗೆ ಪಿಸ್ಟನ್ ಸುತ್ತ ಚೌಕ ಅಡ್ಡಕೊಯ್ತದ ಒಂದು ರಬ್ಬರ್ ಉಂಗುರ ಇರುತ್ತೆ. ಪೆಡಲ್ ಒತ್ತಿದಾಗ ಪಿಸ್ಟನ್ ಮುಂದೆ ಬರುತ್ತೆ, ರಬ್ಬರ್ ಅದಕ್ಕೆ ಅಂಟಿಕೊಂಡೇ ಸ್ವಲ್ಪ ತಿರುಚಿಕೊಳ್ಳುತ್ತೆ. ಕಾಲು ತೆಗೆದಾಗ ರಬ್ಬರ್ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತೆ. ಸ್ಪ್ರಿಂಗ್ ಬೇಕಿಲ್ಲ, ಸೋರದಂತೆ ತಡೆಯುವ ಸೀಲೇ ಸ್ಪ್ರಿಂಗ್. ಪ್ಯಾಡ್ ಸವೆದಷ್ಟೂ ಪಿಸ್ಟನ್ ಆ ಉಂಗುರದೊಳಗೆ ಜಾರಿ ಮುಂದಕ್ಕೆ ಬಂದು ನಿಲ್ಲುತ್ತೆ. ಪ್ಯಾಡಿಗೂ ಡಿಸ್ಕಿಗೂ ನಡುವಿನ ಅಂತರ ಯಾವಾಗಲೂ ಅಷ್ಟೇ. ಆದ್ದರಿಂದ 10 ಮಿ.ಮೀ. ಇದ್ದಾಗಲೂ 2 ಮಿ.ಮೀ. ಆದಾಗಲೂ ಪೆಡಲ್ ಒಂದೇ ಎತ್ತರದಲ್ಲಿ ಹಿಡಿಯುತ್ತೆ. ಸೈಕಲ್ ಬ್ರೇಕಿನ ಹಾಗೆ "ಸಡಿಲ ಆಗೈತೆ" ಅಂತ ಕೈಗೋ ಕಾಲಿಗೋ ಸುದ್ದಿ ಬರಲ್ಲ.

ಸುದ್ದಿ ಬರೋದು ಬೇರೆ ಕಡೆಯಿಂದ. ಪಿಸ್ಟನ್ ಮುಂದೆ ಬಂದಷ್ಟು ಜಾಗ ತುಂಬೋಕೆ ಬಾನೆಟ್ ಒಳಗಿನ ಡಬ್ಬಿಯಿಂದ ಬ್ರೇಕ್ ಆಯಿಲ್ ಇಳಿಯುತ್ತೆ. ಪಿಸ್ಟನ್ ವ್ಯಾಸ 5 ಸೆಂ.ಮೀ., ಒಳಗಿನ ಹೊರಗಿನ ಪ್ಯಾಡ್ ಎರಡೂ 7 ಮಿ.ಮೀ. ಸವೆದಿವೆ ಅಂದ್ರೆ ಒಂದು ಚಕ್ರಕ್ಕೆ 27 ಮಿ.ಲೀ., ಎರಡಕ್ಕೂ ಸೇರಿ ಸುಮಾರು 55. ಚಿಕ್ಕ ಡಬ್ಬಿಯಲ್ಲಿ ಇದು ಕಣ್ಣಿಗೆ ಕಾಣುವ ಇಳಿತ. ಮೀಟರ್ ಬೋರ್ಡಿನ ಕೆಂಪು ಬ್ರೇಕ್ ದೀಪ ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೂ ಉರಿಯುತ್ತಿದ್ದರೆ, ತಿರುವಿನಲ್ಲಿ ಮಿಣುಕಿದರೆ, ಮೊದಲು ನೋಡಬೇಕಾದ್ದು ಎರಡು: ಎಲ್ಲಾದರೂ ಸೋರ್ತಿದೆಯಾ, ಪ್ಯಾಡ್ ಎಷ್ಟಿದೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಒಂದಿಷ್ಟು ಆಯಿಲ್ ಸುರಿದು ದೀಪ ಆರಿಸಿದರೆ ಇದ್ದ ಒಂದು ಎಚ್ಚರಿಕೆಯನ್ನೂ ಕೈಯಾರೆ ಅಳಿಸಿದ ಹಾಗೆ.

ಇನ್ನೊಂದು ಸುದ್ದಿ ಕಿವಿಗೆ. ಒಳ್ಳೆಯ ಪ್ಯಾಡಿನ ಅಂಚಿನಲ್ಲಿ ಸಣ್ಣ ಉಕ್ಕಿನ ನಾಲಿಗೆ ಇರುತ್ತೆ. ಎರಡು ಮೂರು ಮಿ.ಮೀ. ಉಳಿದಾಗ ಅದು ಡಿಸ್ಕಿಗೆ ತಾಗಿ 'ಕೀಂ' ಅಂತ ಕಿರುಚುತ್ತೆ. ಹಾಡು ಹಾಕಿ, ಗ್ಲಾಸ್ ಏರಿಸಿ, ಎಸಿ ಹಾಕಿದವರಿಗೆ ಇದು ಕೇಳಲ್ಲ. ರಸ್ತೆ ಬದಿ ನಿಂತ ದನ ಕಾಯೋ ಹುಡುಗನಿಗೆ ಕೇಳುತ್ತೆ. ಅಗ್ಗದ ಪ್ಯಾಡುಗಳಲ್ಲಿ ಆ ನಾಲಿಗೆಯೇ ಇರಲ್ಲ. ಕಿರುಚುವುದು ನಿಂತು 'ಗರ್ ಗರ್' ಅಂತ ಶುರುವಾದರೆ ಪ್ಯಾಡ್ ಮುಗಿದು ಹಿಂದಿನ ಉಕ್ಕಿನ ತಗಡು ಡಿಸ್ಕನ್ನು ಉಳುತ್ತಿದೆ ಅಂತ ಅರ್ಥ. ಆಗ ಪ್ಯಾಡಿನ ಜೊತೆ ಡಿಸ್ಕಿನ ಖರ್ಚೂ ಬರುತ್ತೆ.

ತೆಳುವಾದ ಪ್ಯಾಡಿನ ನಿಜವಾದ ಅಪಾಯ ಮೇಲುಕೋಟೆ ಇಳಿಜಾರಿನಲ್ಲಿ ಗೊತ್ತಾಗೋದು. ಪ್ಯಾಡ್ ಬರೀ ಉಜ್ಜೋ ವಸ್ತು ಅಲ್ಲ, ಶಾಖ ತಡೆಯುವ ಗೋಡೆ ಕೂಡ. ಒಂದೊಂದು ಡಿಸ್ಕ್ 5 ಕೆ.ಜಿ. ಅಂತ ಇಟ್ಟುಕೊಂಡರೆ 100ರಿಂದ ಒಮ್ಮೆ ನಿಲ್ಲಿಸಿದಾಗ ಅದರ ಉಷ್ಣತೆ ಸುಮಾರು 60 ಡಿಗ್ರಿ ಏರುತ್ತೆ. ತಣಿಯೋಕೆ ಬಿಡದೆ ಒತ್ತುತ್ತಲೇ ಇದ್ದರೆ ಅದು ಮೇಲಿಂದ ಮೇಲೆ ಕೂಡುತ್ತಾ ಹೋಗುತ್ತೆ. ಗೋಡೆ ತೆಳುವಾಗಿದ್ದರೆ ಆ ಶಾಖ ಪಿಸ್ಟನ್ ದಾಟಿ ಬ್ರೇಕ್ ಆಯಿಲಿಗೆ ತಲುಪುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಜಾತಿ. ಹೊಸ ಡಾಟ್ 3 ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು ಅನ್ನುತ್ತೆ ಮಾನದಂಡ, ನೀರು ಹೀರಿದ ಮೇಲೆ 140 ಸಾಕು. ಡಾಟ್ 4ಕ್ಕೆ ಇದು 230 ಮತ್ತು 155. ಒಮ್ಮೆ ಕುದಿದು ಆವಿಗುಳ್ಳೆ ಬಂತೋ, ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತೆ, ಪಿಸ್ಟನ್ ಅಲುಗಲ್ಲ. ಕಾಲು ನೆಲ ಮುಟ್ಟುತ್ತೆ, ಕಾರು ಹೋಗ್ತಾನೇ ಇರುತ್ತೆ. ಎಬಿಎಸ್ ಇದೆಯಲ್ಲ ಅನ್ನಬೇಡಿ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾಗಿದೆ, ನಿಜ. ಆದರೆ ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತೆ ಅಷ್ಟೇ, ಇಲ್ಲದ ಪ್ಯಾಡನ್ನು ತಂದುಕೊಡಲ್ಲ.

ಅಂದ ಹಾಗೆ ಕಾರಿನ ಚರಿತ್ರೆಯಲ್ಲಿ ಮೊದಲ ಬ್ರೇಕ್ ಲೈನಿಂಗ್ ಹಾಕಿಸಿದ ಖ್ಯಾತಿ ಒಬ್ಬ ಹೆಣ್ಣುಮಗಳದು. 1888ರಲ್ಲಿ ಬರ್ತಾ ಬೆಂಜ್ ಗಂಡ ಮಾಡಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡು ಸವೆದು ಹೋಯ್ತು. ದಾರಿಯಲ್ಲಿ ಚಪ್ಪಲಿ ಹೊಲಿಯುವವರನ್ನು ಹಿಡಿದು ಅದಕ್ಕೆ ಚರ್ಮ ಹೊಡೆಸಿಕೊಂಡರು. ಕಿಲೋಮೀಟರ್ ಲೆಕ್ಕ ಅವರ ಹತ್ತಿರ ಇರಲಿಲ್ಲ, ಕಣ್ಣಿಗೆ ಕಂಡಿತು, ಹಾಕಿಸಿದರು.

ನೋಡೋದು ಹೇಗೆ

ಹೊಸ ಪ್ಯಾಡಿನ ಉಜ್ಜುವ ಭಾಗ ಸಾಮಾನ್ಯವಾಗಿ 10 ಮಿ.ಮೀ. ಆಚೀಚೆ, ಹಿಂದಿನ ಉಕ್ಕಿನ ತಗಡು ಬೇರೆ. ಅಳೆಯುವಾಗ ತಗಡನ್ನು ಸೇರಿಸಬೇಡಿ. 3 ಮಿ.ಮೀ.ಗೆ ಬಂದರೆ ಬದಲಾಯಿಸಿ. 4 ಇದ್ದು ಮುಂದಿನ ವಾರ ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೊರಟಿದ್ದರೆ ಈಗಲೇ ಬದಲಾಯಿಸಿ ಅನ್ನೋದು ನಮ್ಮ ಅಭಿಪ್ರಾಯ. ಘಾಟಿ ಇಳಿದು ಹತ್ತಿ ಬರೋ ಹೊತ್ತಿಗೆ ಆ ಒಂದು ಮಿ.ಮೀ. ಬೇಕಾಗುತ್ತೆ.

ಅಲಾಯ್ ಚಕ್ರದ ಸಂದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ "ಇನ್ನೂ ದಪ್ಪ ಐತೆ" ಅನ್ನೋರಿದ್ದಾರೆ. ಅಲ್ಲಿ ಕಾಣೋದು ಹೊರಗಿನ ಪ್ಯಾಡ್ ಮಾತ್ರ. ನಮ್ಮ ಚಿಕ್ಕ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಒಂದೇ ಕಡೆ, ಒಳಗಡೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಪ್ರತಿಕ್ರಿಯೆಯಿಂದ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತೆ. ಕೆಸರು, ತುಕ್ಕು ಸೇರಿ ಆ ಪಿನ್ ಹಿಡಿದುಕೊಂಡರೆ ಕ್ಯಾಲಿಪರ್ ಜಾರಲ್ಲ, ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತೆ. ಹೊರಗೆ 6 ಮಿ.ಮೀ., ಒಳಗೆ 1 ಅನ್ನೋದು ಅಪರೂಪ ಏನಲ್ಲ. ಆದ್ದರಿಂದ ಚಕ್ರ ಬಿಚ್ಚಿ ಒಳಗಿನದ್ದನ್ನು ನೋಡಬೇಕು. ಟೈರ್ ಅದಲು ಬದಲು ಮಾಡಿಸುವಾಗ, ಪಂಚರ್ ಹಾಕಿಸುವಾಗ ಹೇಗೂ ಚಕ್ರ ಬಿಚ್ಚಿರುತ್ತಲ್ಲ, ಆಗ ಎರಡು ನಿಮಿಷ ಬಗ್ಗಿ ನೋಡಿದರೆ ಸಾಕು.

ನೋಡಿದ್ದನ್ನು ಬರೆದಿಡಿ. ಹೊಸದಾಗಿ ಹಾಕಿದಾಗ 10 ಇತ್ತು, 12,000 ಕಿ.ಮೀ. ಆದ ಮೇಲೆ 7.5 ಇದೆ ಅಂದ್ರೆ 2.5 ಮಿ.ಮೀ.ಗೆ 12,000. 3ಕ್ಕೆ ಬರೋಕೆ ಇನ್ನು 4.5 ಉಳಿದಿದೆ, ಅಂದರೆ ಹೀಗೇ ಓಡಿಸಿದರೆ 21,600 ಕಿ.ಮೀ. ಇದು ನಿಮ್ಮ ಕಾರಿನ, ನಿಮ್ಮ ದಾರಿಯ, ನಿಮ್ಮ ಅಪ್ಪನ ಕಾಲಿನ ಲೆಕ್ಕ. ಕಿಲೋಮೀಟರಿಗೆ ಬೆಲೆ ಬರೋದು ಇಂಥ ಅಳತೆ ಜೊತೆಗಿದ್ದಾಗ ಮಾತ್ರ.

ಬದಲಾಯಿಸೋದು

ಪ್ಯಾಡ್ ಕೊಳ್ಳುವಾಗ ಕಾರಿನ ಮಾಡೆಲ್ ಜೊತೆ ವರ್ಷವನ್ನೂ ಹೇಳಿ, ಒಂದೇ ಹೆಸರಿನ ಕಾರಿಗೆ ಎರಡು ಮೂರು ತರಹದ ಪ್ಯಾಡ್ ಇರುತ್ತೆ. ಕಾರು ಕಂಪನಿಯದ್ದೇ ಆಗಬೇಕಿಲ್ಲ, ಹೆಸರಿರುವ ಬ್ರೇಕ್ ಕಂಪನಿಯದ್ದು ಬಿಲ್ ಸಮೇತ ತಗೊಳ್ಳಿ. ಯಾವಾಗಲೂ ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೆ. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಹಾಕಿದಾಗ ಸ್ಟೀರಿಂಗ್ ಒಂದು ಕಡೆ ಎಳೆಯುತ್ತೆ.

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಹಿತ್ತಲಿನ ಮೆತ್ತನೆ ಮಣ್ಣಲ್ಲಿ ಜಾಕ್ ಹಾಕಬೇಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಎತ್ತಿ. ಕಾರಿನ ಜೊತೆ ಬರೋ ಜಾಕ್ ಸ್ಟೆಪ್ನಿ ಹಾಕೋಕೆ ಮಾತ್ರ, ಅದನ್ನು ನಂಬಿ ಕೆಲಸ ಮಾಡಬಾರದು. ಸ್ಟ್ಯಾಂಡ್ ಕೊಡಿ. ಬಿಚ್ಚಿದ ಚಕ್ರವನ್ನೂ ಕಾರಿನ ಕೆಳಗೆ ಮಲಗಿಸಿಡಿ, ಜಾರಿದರೆ ಅದರ ಮೇಲೆ ಕೂರುತ್ತೆ.

ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕ್ಯಾಲಿಪರ್ ಬೋಲ್ಟ್ ಕೈಗೆ ಸಿಗುತ್ತೆ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಬೋಲ್ಟ್ ಒಂದನ್ನು ತೆಗೆದು ಕ್ಯಾಲಿಪರನ್ನು ಬಾಗಿಲಿನ ಹಾಗೆ ಮೇಲಕ್ಕೆ ಎತ್ತಬಹುದು. ಪೂರ್ತಿ ಬಿಚ್ಚಬೇಕಾಗಿ ಬಂದರೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಬ್ರೇಕ್ ಹೋಸಿನ ಮೇಲೆ ನೇತಾಡೋಕೆ ಬಿಟ್ಟರೆ ಹೋಸ್ ಒಳಗೊಳಗೇ ಸೀಳುತ್ತೆ. ಹಳೇ ಪ್ಯಾಡ್ ತೆಗೆಯೋ ಮೊದಲು ಫೋಟೋ ತೆಗೆದುಕೊಳ್ಳಿ. ಯಾವ ಶಿಮ್ ಎಲ್ಲಿತ್ತು, ನಾಲಿಗೆ ಮೇಲಿತ್ತೋ ಕೆಳಗಿತ್ತೋ, ಆಮೇಲೆ ನೆನಪಿರಲ್ಲ. ಒಂದು ಸಲಕ್ಕೆ ಒಂದು ಕಡೆ ಮಾತ್ರ ಬಿಚ್ಚಿ, ಅನುಮಾನ ಬಂದರೆ ಇನ್ನೊಂದು ಚಕ್ರವೇ ಮಾದರಿ. ಧೂಳನ್ನು ಬಾಯಲ್ಲಿ ಊದಬೇಡಿ, ಗಾಳಿ ಪೈಪಿನಿಂದಲೂ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ. ಅದು ಶ್ವಾಸಕೋಶಕ್ಕೆ ಹೋಗೋ ಪದಾರ್ಥ ಅಲ್ಲ.

ಈಗ ಡಿಸ್ಕ್ ನೋಡಿ. ಉಗುರು ಅಡ್ಡ ಎಳೆದಾಗ ಆಳವಾದ ಗೆರೆಗೆ ಸಿಕ್ಕಿಕೊಳ್ಳುತ್ತಾ, ಅಂಚಿನಲ್ಲಿ ದಪ್ಪ ದಿಂಡು ಎದ್ದಿದೆಯಾ? ಎಷ್ಟು ತೆಳುವಾಗಬಹುದು ಅನ್ನೋ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಮೈಕ್ರೋಮೀಟರ್ ಲ್ಯಾಬಿನಲ್ಲಿ ಮಾತ್ರ ಹಿಡಿಯೋ ವಸ್ತು ಅಂದ್ಕೊಂಡಿದ್ದರೆ ಇಲ್ಲಿ ಅದರ ಉಪಯೋಗ ಇದೆ.

ಹೊಸ ಪ್ಯಾಡ್ ದಪ್ಪ ಇರೋದರಿಂದ ಪಿಸ್ಟನ್ನನ್ನು ಒಳಗೆ ತಳ್ಳಬೇಕು. ಹಳೇ ಪ್ಯಾಡನ್ನು ಪಿಸ್ಟನ್ನಿಗೆ ಅಡ್ಡ ಇಟ್ಟು ಸಿ-ಕ್ಲಾಂಪಿನಿಂದ ನಿಧಾನ ಒತ್ತಿ. ಆ 55 ಮಿ.ಲೀ. ಈಗ ವಾಪಸ್ ಡಬ್ಬಿಗೆ ಬರುತ್ತೆ. ಯಾರಾದರೂ ನಡುವೆ ಆಯಿಲ್ ತುಂಬಿಸಿದ್ದರೆ ಅದು ಉಕ್ಕಿ ಹೊರಗೆ ಚೆಲ್ಲುತ್ತೆ, ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದು ಬರುತ್ತೆ. ಮುಚ್ಚಳ ತೆಗೆದು ಒಬ್ಬರನ್ನು ಅಲ್ಲಿ ನಿಲ್ಲಿಸಿ. ಪಿಸ್ಟನ್ ಒಳಗೆ ಹೋಗಲು ಹಠ ಮಾಡಿದರೆ, ಸುತ್ತಲ ರಬ್ಬರ್ ಹರಿದಿದ್ದರೆ, ಎಲ್ಲಾದರೂ ಒದ್ದೆ ಕಂಡರೆ ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್‌ನ ಕರೆಯಿರಿ. ಹಿಂದೆಯೂ ಡಿಸ್ಕ್ ಇರುವ ಕಾರುಗಳಲ್ಲಿ ಹಿಂದಿನ ಪಿಸ್ಟನ್ ಎಷ್ಟೋ ಸಲ ತಿರುಗಿಸಿ ಒಳಗೆ ಕಳಿಸುವ ತರಹದ್ದು. ಅದಕ್ಕೆ ಸಿ-ಕ್ಲಾಂಪ್ ಹಾಕಿದರೆ ಕೆಡುತ್ತೆ.

ಜಾರುವ ಪಿನ್ನುಗಳನ್ನು ಎಳೆದು ಒರೆಸಿ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗಿಗೆ ಹಾಕೋ ಗ್ರೀಸ್ ರಬ್ಬರನ್ನು ಉಬ್ಬಿಸುತ್ತೆ, ಪಿನ್ ಮತ್ತೆ ಹಿಡಿದುಕೊಳ್ಳುತ್ತೆ. ನಮ್ಮ ಕೆಸರಿನ ದಾರಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಅವಸರದಲ್ಲಿ ಬಿಟ್ಟುಬಿಡೋದೂ ಇದನ್ನೇ. ಗ್ಯಾರೇಜಿನಲ್ಲಿ ಮಾಡಿಸುವಾಗಲೂ "ಪಿನ್ ಬಿಚ್ಚಿ ಗ್ರೀಸ್ ಹಾಕಣ್ಣ, ಹಳೇ ಪ್ಯಾಡ್ ನಮ್ಗೆ ಕೊಡಿ" ಅಂತ ಹೇಳಿ. ಹಳೆಯದರ ನಾಲ್ಕೂ ತುಂಡು ಪಕ್ಕದಲ್ಲಿಟ್ಟು ನೋಡಿದರೆ ಯಾವ ಕಡೆ ಪಿನ್ ಹಿಡಿದಿತ್ತು ಅಂತ ತಾನಾಗೇ ಗೊತ್ತಾಗುತ್ತೆ. ಪ್ಯಾಡಿನ ಮುಖಕ್ಕೆ, ಡಿಸ್ಕಿಗೆ ಎಣ್ಣೆ ಕೈ ತಾಗಿಸಬೇಡಿ. ಬೋಲ್ಟುಗಳನ್ನು ಕಾರಿನ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಪೈಪ್ ಹಾಕಿ ಅದರ ಮೇಲೆ ಹತ್ತಿ ನಿಲ್ಲೋದು ಬೇಡ.

ಚಕ್ರ ಹಾಕಿ ಕಾರು ಇಳಿಸಿದ ಮೇಲೆ, ಒಂದು ಅಡಿ ಅಲುಗಿಸೋ ಮೊದಲು ಬ್ರೇಕ್ ಪೆಡಲನ್ನು ಹಲವು ಸಲ ಒತ್ತಿ ಬಿಡಿ. ಪಿಸ್ಟನ್ ಒಳಗೆ ಹೋಗಿರುವುದರಿಂದ ಮೊದಲ ಒತ್ತಿಗೆ ಕಾಲು ನೆಲಕ್ಕೇ ಹೋಗುತ್ತೆ, ನಾಲ್ಕೈದು ಒತ್ತಿಗೆ ಗಟ್ಟಿಯಾಗುತ್ತೆ. ಇದನ್ನು ಮರೆತು ರಿವರ್ಸ್ ತೆಗೆದರೆ ಕಾರು ನಿಲ್ಲೋದು ಎದುರು ಮನೆ ಜಗಲಿಯಲ್ಲಿ. ಗಟ್ಟಿಯಾಗದೆ ಸ್ಪಂಜಿನ ಹಾಗೇ ಇದ್ದರೆ ಒಳಗೆ ಗಾಳಿ ಇದೆ, ಓಡಿಸಬೇಡಿ. ಡಬ್ಬಿಯ ಮಟ್ಟ ನೋಡಿ ಮುಚ್ಚಿ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳೋಕೆ ಸಮಯ ಬೇಕು. ಬೆಳಿಗ್ಗೆ ರಸ್ತೆ ಖಾಲಿ ಇರುವಾಗ 50ರಿಂದ 10ಕ್ಕೆ ಹದವಾಗಿ ಹತ್ತು ಸಲ ಇಳಿಸಿ, ನಡುನಡುವೆ ಒಂದಷ್ಟು ದೂರ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಮೊದಲ 200–300 ಕಿ.ಮೀ. ಹಿಡಿತ ಸ್ವಲ್ಪ ಕಮ್ಮಿ ಅಂತಲೇ ಲೆಕ್ಕ ಹಾಕಿ ಮುಂದಿನ ಗಾಡಿಯಿಂದ ದೂರ ಇರಿ, ಅಷ್ಟರೊಳಗೆ ಮೇಲುಕೋಟೆ ಬೆಟ್ಟ ಬೇಡ. 50 ಕಿ.ಮೀ. ಆದ ಮೇಲೆ ಒಮ್ಮೆ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ನೋಡಿ. ಓಡಿಸಿ ಬಂದು ಎರಡೂ ಮುಂದಿನ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಸುಡುವ ಕಾವು ಹೊಡೆದರೆ ಆ ಸುಡುವ ಕಡೆಯ ಪ್ಯಾಡ್ ಬಿಡ್ತಿಲ್ಲ, ಪಿನ್ನೋ ಪಿಸ್ಟನ್ನೋ ಹಿಡಿದುಕೊಂಡಿದೆ, ಚಕ್ರ ಮತ್ತೆ ಬಿಚ್ಚಬೇಕು.